ಒಂದನೇ ನಂಬರಿನ ಹಾಡಿಗೆ ಅತ್ತೆ ಕಟ್ಟಿದ ನುಡಿ

ಸಿಂಗಾಪುರ, ವಿಮಾನಕ್ಕೆ ಕಾಯುತ್ತ

ಸಿಂಗಾಪುರದ ವಿಮಾನ ನಿಲ್ದಾಣದಲ್ಲಿ ಕೈ ತೊಳೆಯುವ ನಲ್ಲಿಗಳಿಗೆ ತಿರುಪು ಇರಲಿಲ್ಲ. ಕೈ ಒಡ್ಡಿದರೆ ನೀರು, ತೆಗೆದರೆ ಇಲ್ಲ. ನನ್ನ ಅತ್ತೆ ಭಾಗೀರಥಿಯವರಿಗೆ ಇದು ಬಹಳ ಹಿಡಿಸಿತು. ನೀರು ಪೋಲು ಮಾಡುವ ನಮ್ಮ ಮನೆಯ ಗಂಡಸರಿಗೆ ಇಂಥದೊಂದು ಹಾಕಿಸಬೇಕು ಎನ್ನುತ್ತ ಒಡ್ಡುವುದು, ತೆಗೆಯುವುದು ನಡೆಸಿದ್ದರು. ನಡುವೆ ಒಮ್ಮೆ ಒಡ್ಡಿದ ಕೈ ಹಾಗೇ ನಿಂತುಬಿಟ್ಟಿತು. ನೀರು ಸುರಿಯುತ್ತಲೇ ಇತ್ತು.

“ವೇಣಿ, ಕೇಳ್ತಾ ನಿಂಗೆ?”

“ಎಂತದು ಅತ್ತೆ?”

“ನಮ್ಮ ಗೌರಿ ಆರತಿ.”

ತಲೆಯ ಮೇಲೆ ಎಲ್ಲೋ ಅಡಗಿಸಿಟ್ಟ ಸ್ಪೀಕರಿನಿಂದ ಒಂದು ಇಂಗ್ಲಿಷ್ ಹಾಡು ಬರುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ಆ ಹಾಡು ಇಲ್ಲದ ಜಾಗ ಇತ್ತೋ ಇಲ್ಲವೋ. ಹೆಂಗಸೊಬ್ಬಳು ತನ್ನಷ್ಟಕ್ಕೆ ಮಾತಾಡಿಕೊಳ್ಳುವವಳ ಹಾಗೆ ತಗ್ಗಿನಲ್ಲಿ ಸುರುಮಾಡುತ್ತಾಳೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ತುದಿಯಲ್ಲಿ ಒಂದು ಸ್ವರವನ್ನು ಹಿಡಿದು, ಕೇಳುವವರ ಉಸಿರು ಕಟ್ಟುವವರೆಗೂ ಬಿಡುವುದಿಲ್ಲ. ದೇಶದೇಶದ ಪಟ್ಟಿಗಳಲ್ಲಿ ಅದೇ ಒಂದನೇ ನಂಬರು ಎಂದು ನನ್ನ ಮಗಳು ಶುಭಾ ಹೇಳಿದ್ದಳು. ಧಾರವಾಡದ ಹಾಸ್ಟೆಲಿನಿಂದ ಅದರ ಕ್ಯಾಸೆಟ್ ತಂದು, ಕಿವಿಗೆ ವಯರು ಸಿಕ್ಕಿಸಿಕೊಂಡು ರಜೆಯಿಡೀ ಕೇಳಿದ್ದಳು. ನನಗೂ ಒಂದು ಕಿವಿ ಕೊಟ್ಟಿದ್ದಳು. ಹಾಗಾಗಿ ಅದರ ಮಾತು ನನಗೆ ಗೊತ್ತಿತ್ತು: ಕಾರಣ ಹೇಳದೆ ಹೊರಟುಹೋದ ಗಂಡನಿಗಾಗಿ ದೀಪ ಆರಿಸದೆ ಕೂತ ಹೆಂಡತಿಯ ಹಾಡು ಅದು.

ಅತ್ತೆಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ ಎಂಬುದು ಕನ್ನಡಿಯಲ್ಲಿ ಅವರ ಮುಖ ನೋಡಿದಾಗಲೇ ನನಗೆ ತಿಳಿದದ್ದು.

“ಇಲ್ಲಿವರಿಗೂ ಬಂಜಲೆ ಇದು,” ಅಂದರು ಅವರು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. “ಇಂಗ್ಲೀಷಿಗೆ ಮಾಡ್ಕಂಡಿದ್ದ. ಅಡ್ಡಿಲ್ಲೆ, ಚೊಲೊ ಹೇಳ್ತು ಕೂಸು.”

ಮನಿಲಾಕ್ಕೆ ಹೋಗುವ ವಿಮಾನದಲ್ಲಿ

ಅತ್ತೆ ಕಿಟಕಿಯ ಪಕ್ಕ ಕೂತು, ಬೆಲ್ಟು ಬಿಚ್ಚಲು ಒಪ್ಪದೆ, ತಲೆ ವಾಲಿಸಿ ನಿದ್ದೆ ಹೋದರು. ನನಗೆ ನಿದ್ದೆ ಬರಲಿಲ್ಲ.

ನಾವಿಬ್ಬರು ಹೊರಟದ್ದು ಶ್ರೀಪಾದನ ಮದುವೆಗೆ. ಶ್ರೀಪಾದ ಅತ್ತೆಯ ಕಿರಿಮಗ, ನನ್ನ ಮೈದುನ. ಭತ್ತದ ತಳಿಗಳ ಕೆಲಸಕ್ಕೆಂದು ಫಿಲಿಪೈನ್ಸಿಗೆ ಹೋದವನು, ಅಲ್ಲೇ ಜೊತೆಗೆ ಕೆಲಸ ಮಾಡುವ ಮಾರಿಸೆಲ್ ಎಂಬ ಹುಡುಗಿಯನ್ನು ಮೆಚ್ಚಿದ್ದ. ಮಾವನಿಗೆ ಮಂಡಿನೋವು. ಅವರನ್ನು ನೋಡಿಕೊಳ್ಳಲು ನಮ್ಮನೆಯವರು ಊರಲ್ಲಿ ಉಳಿದರು. ಶಿರಸಿಯಲ್ಲಿ ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ ಎಂದು ನಾನು ಅತ್ತೆಯ ಜೊತೆಗಾತಿಯಾದೆ. ಮದುವೆಯಾದಂದಿನಿಂದ ನನ್ನ ಇಂಗ್ಲಿಷು ಬಳಕೆಯಾದದ್ದು ಔಷಧಿ ಬಾಟಲಿಯ ಮೇಲಿನ ಅಕ್ಷರ ಓದುವುದಕ್ಕೆ ಮಾತ್ರ.

ನಮ್ಮ ಕಡೆ ಮದುವೆಯಲ್ಲಿ ಆರತಿಯನ್ನು ಮೂಕಿಯರಂತೆ ಎತ್ತುವ ಪದ್ಧತಿಯಿಲ್ಲ. ಹಾಡು ಬೇಕೇ ಬೇಕು. ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದು “ಹೇಳೇ, ನೀ ಹೇಳೇ” ಎನ್ನುತ್ತಾರೆ. ಎಲ್ಲರ ಗಂಟಲೂ ಸರಿಯಿಲ್ಲದಿರುತ್ತದೆ. ಅತ್ತೆಯ ಗಂಟಲು ಮಾತ್ರ ಯಾವತ್ತೂ ಸರಿಯಿರುತ್ತದೆ. ಕಿವಿಗೆ ಬಿದ್ದ ಯಾವ ಧಾಟಿಯನ್ನೂ ಅವರು ಬಿಟ್ಟವರಲ್ಲ. ಸಿನಿಮಾ ಹಾಡು, ಮರಾಠಿ ನಾಟಕದ ಪದ, ಒಮ್ಮೆ ರೇಡಿಯೋದಲ್ಲಿ ಬರುತ್ತಿದ್ದ ಸೋಪಿನ ಜಾಹೀರಾತು, ಎಲ್ಲಕ್ಕೂ ಗೌರಿಯದೋ ಲಕ್ಷ್ಮಿಯದೋ ಮಾತು ಕೂರಿಸಿದ್ದಾರೆ. ಧಾಟಿ ಯಾರ ಸ್ವತ್ತೂ ಅಲ್ಲ, ಮಾತು ಕಟ್ಟಿದವರದು. ಇದು ಹಾಡು ಹೇಳುವ ಹೆಂಗಸರ ಒಪ್ಪಂದ.

ಶುಭಾ ಆ ಇಂಗ್ಲಿಷ್ ಹಾಡನ್ನು ಹಾರ್ಮೋನಿಯಂ ಮೇಲೆ ನುಡಿಸುತ್ತ ಕೂತಾಗ ಅತ್ತೆ ಹತ್ತಿರವೇ ಹಲಸಿನ ಗುಜ್ಜೆ ಹೆಚ್ಚುತ್ತಿದ್ದರು. ಕ್ಲಾಸಿನ ಪಾಠವೆಂದು ತಿಳಿದರು. ಗುಜ್ಜೆ ಪಲ್ಯವಾಗುವಷ್ಟರಲ್ಲಿ ಮೊದಲ ನುಡಿ ಆಗಿತ್ತು. ಆ ಹಂಗಾಮಿನಲ್ಲಿ ಶಿರಸಿಯ ಮದುವೆಗಳಲ್ಲಿ ಅದನ್ನು ಹೇಳಿದರು. ಸಿದ್ದಾಪುರದವರು ಕೇಳಿ ಕಲಿತುಕೊಂಡು ಹೋದರು. ಹಂಗಾಮು ಮುಗಿಯುವ ಮೊದಲೇ ಯಲ್ಲಾಪುರದ ಒಂದು ಮದುವೆಮನೆಯಲ್ಲಿ ಮಾಗೋಡು ಕಡೆಯ ಯಾರೋ ಹೆಂಗಸರು ಅತ್ತೆಯ ಎದುರಿಗೇ ಅತ್ತೆಯ ಹಾಡನ್ನು, ತಮ್ಮ ಅಜ್ಜಿಯ ಕಾಲದ್ದು ಎಂದು ಹೇಳಿದರು. ಅತ್ತೆ ನಗುತ್ತ ಕೇಳಿಕೊಂಡಿದ್ದರು. ಮೂರು ತಾಲೂಕು ಗೆದ್ದ ಹಾಡು ಸಿಂಗಾಪುರದ ಬಚ್ಚಲಿನಲ್ಲಿ ಕೇಳಿದರೆ ಅವರಿಗೇನು ಆಶ್ಚರ್ಯ? ಶಿರಸಿಯಿಂದ ಸಿದ್ದಾಪುರ, ಅಲ್ಲಿಂದ ಯಲ್ಲಾಪುರ, ಅಲ್ಲಿಂದ ಇಲ್ಲಿಗೆ.

ಇದನ್ನು ನಕ್ಕು ಮರೆಯಬಹುದಿತ್ತು. ಆದರೆ ಶ್ರೀಪಾದನ ಮದುವೆ ನಿಂತಿದ್ದೇ ಈ ಹಾಡಿನ ಮೇಲೆ.

ಆಯಿ ಒಪ್ಪಿದರೆ ಮಾತ್ರ ಎಂದು ಅವನು ಫೋನಿನಲ್ಲಿ ಹೇಳಿದ್ದ. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಚೌತಿ ಹೋಯಿತು, ದೀಪಾವಳಿ ಹೋಯಿತು. ಒಂದು ಬೆಳಿಗ್ಗೆ ಮಜ್ಜಿಗೆ ಕಡೆಯುತ್ತ ಗುನುಗುತ್ತಿದ್ದವರು, ಹಾಡಿನ ಆ ಎತ್ತರದ ಸ್ವರದ ಮೇಲೆ ಮಾರಿಸೆಲ್ ಎಂಬ ಹೆಸರನ್ನು ಉದ್ದಕ್ಕೆ ಎಳೆದು ನಿಲ್ಲಿಸಿದರು. “ಬೇರೆ ಯಾವ ಧಾಟಿಗೂ ಆ ಹೆಸರು ಕೂರ್ತಿಲ್ಲೆ ವೇಣಿ. ಇದ್ರಲ್ಲಿ ಕೂತ್ಕತ್ತು,” ಅಂದರು. ನಾನು ಎಸ್.ಟಿ.ಡಿ. ಬೂತಿಗೆ ಹೋಗಿ ಶ್ರೀಪಾದನಿಗೆ ಆಯಿ ಒಪ್ಪಿದರು ಎಂದೆ. ಒಪ್ಪಿಗೆ ಎಂದು ಅವರ ಬಾಯಿಂದ ಬಂದದ್ದು ಅಷ್ಟೇ.

ಇನ್ನೊಂದು ಸಂಗತಿಯೂ ನನಗೆ ನೆನಪಿತ್ತು. ಒಮ್ಮೆ ಒಬ್ಬಾಕೆ ಮದುಮಗಳ ಮುಂದೆ ಸೀತೆಯನ್ನು ಕಾಡಿಗೆ ಕಳಿಸುವ ಹಾಡು ಎತ್ತಿದ್ದರು. ಅತ್ತೆ ಅರ್ಧದಲ್ಲೇ ತಡೆದು, “ಕೂಸು ಇನ್ನೂ ಗಂಡನ ಮನೆ ಹೊಸ್ಲು ದಾಟಿದ್ದಿಲ್ಲೆ, ಆಗ್ಲೇ ಕಾಡಿಗೆ ಕಳಿಸ್ತ್ಯನೆ?” ಎಂದು ಕೇಳಿದ್ದರು. ಹಾಡು ನಿಂತಿತ್ತು. ಗಂಡ ಬಿಟ್ಟುಹೋದವಳ ಹಾಡಿನಲ್ಲಿ ಸೊಸೆಯ ಹೆಸರು ಕೂರಿಸಿದ್ದೇನೆ ಎಂದು ಗೊತ್ತಾದರೆ ಈ ಹೆಂಗಸು ಏನು ಮಾಡಿಯಾರು?

ಕಿಟಕಿಯ ಹೊರಗೆ ಬರೀ ಮೋಡ. ಅತ್ತೆ ನಿದ್ದೆಯಲ್ಲೂ ಬೆರಳಲ್ಲಿ ತಾಳ ಹಾಕುತ್ತಿದ್ದರು.

ಮನಿಲಾ, ಬಂದಿಳಿದ ದಿನ

ಮನಿಲಾದ ಕಸ್ಟಮ್ಸಿನವನು ನಮ್ಮ ಡಬ್ಬಿ ತೆಗೆಸಿದ. ಒಳಗೆ ಇದ್ದದ್ದು ತೊಡದೇವು. ಮಗುಚಿದ ಮಡಕೆಯ ಬೆನ್ನ ಮೇಲೆ ಕಬ್ಬಿನಹಾಲು-ಅಕ್ಕಿಹಿಟ್ಟು ಸವರಿ ಎಬ್ಬಿಸಿದ ಆ ಹಾಳೆಗಳನ್ನು ಅವನು ಬೆಳಕಿಗೆ ಹಿಡಿದು ನೋಡಿದ. ಏನಾದರೂ ಬರೆದಿದೆಯೇ ಎಂದು ಹುಡುಕಿದನೇನೋ.

“ಇದು ಕಾಗದವೇ?”

“ತಿನ್ನುವುದು,” ಎಂದೆ.

ಅತ್ತೆ ಮುರಿದು ಒಂದು ಚೂರು ಅವನ ಕೈಗಿಟ್ಟರು. ತಿಂದ. ಪಕ್ಕದವನನ್ನು ಕರೆದು ಅವನಿಗೂ ಕೊಟ್ಟ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಆಮೇಲೆ ಯಾರೂ ಕೇಳಲಿಲ್ಲ. ಅದು ಸೋರಿ ನನ್ನ ರೇಷ್ಮೆ ಸೀರೆಗೆ ಒಂದು ಅಂಚು ಹೆಚ್ಚಾಗಿತ್ತು ಎಂಬುದು ಆಮೇಲೆ ಗೊತ್ತಾದ ಮಾತು.

ಶ್ರೀಪಾದ ತಾಯಿಯ ಕಾಲು ಮುಟ್ಟಿ ಎದ್ದ. ಅವನ ಹಿಂದೆ ನಿಂತಿದ್ದ ಮಾರಿಸೆಲ್ ಬಗ್ಗಿ ಅತ್ತೆಯ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಅಲ್ಲಿ ಹಿರಿಯರಿಗೆ ನಮಸ್ಕಾರವೆಂದರೆ ಹಾಗೆ. ಅತ್ತೆ ಗಾಬರಿಯಾಗಿ ಆ ಕೈಯನ್ನು ಹಣೆಯಿಂದ ತೆಗೆಯದೆ, ತಿರುಗಿಸಿ ಕೆನ್ನೆ, ಕುತ್ತಿಗೆ ಮುಟ್ಟಿ ನೋಡಿದರು.

“ಜ್ವರ ಎಂತೂ ಇಲ್ಯಲೋ ಮಾಣಿ,” ಅಂದರು ಮಗನಿಗೆ.

ಮಾರಿಸೆಲ್ ಗುಂಡುಮುಖದ, ಸಣ್ಣ ಕಣ್ಣಿನ, ನಗು ತಡೆಯಲಾಗದ ಹುಡುಗಿ. ಅತ್ತೆಗಾಗಿ “ಊಟ ಆತಾ?” ಎಂದು ಕಲಿತಿದ್ದಳು. ಅವರ ಭಾಷೆಯಲ್ಲೂ ಜನ ಎದುರಾದರೆ ಮೊದಲು ಕೇಳುವುದು ಅದನ್ನೇ ಅಂತೆ. ಮೂರು ಹೊತ್ತೂ ಅನ್ನ ಉಣ್ಣುವ ಜನ, ಇನ್ನೇನು ಕೇಳಿಯಾರು?

ಊರೊಳಕ್ಕೆ ಹೋಗಲು ಜೀಪ್ನಿ ಹತ್ತಿದೆವು. ಜೀಪನ್ನು ಎಳೆದು ಉದ್ದ ಮಾಡಿ, ಬಣ್ಣ ಬಳಿದು, ಮೂತಿಯ ಮೇಲೆ ಪುಟ್ಟ ಕುದುರೆಗಳನ್ನು ನಿಲ್ಲಿಸಿದರೆ ಜೀಪ್ನಿ. ನಮ್ಮ ಬನವಾಸಿ ಕಡೆಯ ಟೆಂಪೋದಂತೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಕಂಡಕ್ಟರ್ ಇಲ್ಲ. ಹಿಂದೆ ಕೂತವರು ದುಡ್ಡನ್ನು ಮುಂದಿನವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ಡ್ರೈವರ್ ತನಕ ಹೋಗಿ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಅತ್ತೆಗೆ ಕೊನೆಗೆ ಇದೊಂದು ಸಂಸಾರದ ಹಾಗೆ ಕಂಡಿರಬೇಕು. ತಮ್ಮ ಕೈಗೆ ಬಂದ ಎಲ್ಲರ ಚಿಲ್ಲರೆಯನ್ನೂ ಆಸ್ಥೆಯಿಂದ ದಾಟಿಸುತ್ತಿದ್ದರು.

ರೇಡಿಯೋದಲ್ಲಿ ಒಬ್ಬ ಹತ್ತರಿಂದ ಹಿಂದಕ್ಕೆ ಎಣಿಸುತ್ತ ಹಾಡು ಹಾಕುತ್ತಿದ್ದ. ಒಂದಕ್ಕೆ ಬಂದಾಗ ತಗ್ಗಿನ ಆ ದನಿ ಸುರುವಾಯಿತು. ಡ್ರೈವರ್ ಗುನುಗಿದ. ತರಕಾರಿ ಬುಟ್ಟಿಯ ಹೆಂಗಸು ಗುನುಗಿದಳು. ಟೈ ಕಟ್ಟಿದ ಯುವಕ ಕಣ್ಣುಮುಚ್ಚಿ ಗುನುಗಿದ. ಅತ್ತೆ ಚಪ್ಪಲಿ ಬಿಚ್ಚಿ, ಬೆನ್ನು ನೆಟ್ಟಗೆ ಮಾಡಿ, ಕೈ ಮುಗಿದು ಕೂತರು.

“ಇಷ್ಟು ಜನ ಒಟ್ಟಿಗೆ ಆರತಿ ಹಾಡು ಹೇಳದ್ದು ನಮ್ಮಲ್ಲೂ ಇಲ್ಲೆ,” ಅಂದರು ನನ್ನ ಕಿವಿಯಲ್ಲಿ.

ಇಳಿದ ಮೇಲೆ ನಾನು ಶ್ರೀಪಾದನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವನ ಮುಖ ಸಣ್ಣದಾಯಿತು.

“ಅತ್ಗೆ, ಮದ್ವೆ ಮುಗಿಯವರಿಗೆ ಹೇಳಡಿ. ಆಯಿ ಆ ಹಾಡು ಬಿಟ್ರೆ ಮತ್ತೆ ಬಾಯಿ ಬಿಡ್ತಿಲ್ಲೆ. ನಂಗೆ ಗೊತ್ತಿದ್ದು.”

ಮನಿಲಾ, ಪೇಟೆಯಲ್ಲಿ

ಮರುದಿನ ಬಟ್ಟೆ ಕೊಳ್ಳಲು ಪೇಟೆಗೆ ಹೋದೆವು. ಅಲ್ಲಿಯ ಜನ ದಾರಿ ಕೇಳಿದರೆ ಕೈ ತೋರಿಸುವುದಿಲ್ಲ, ತುಟಿ ಮುಂದೆ ಮಾಡಿ ಆ ದಿಕ್ಕಿಗೆ ಚಾಚುತ್ತಾರೆ. ನೀರಿನ ಜಾಗ ಕೇಳಿದ ಅತ್ತೆಗೆ ಅಂಗಡಿಯ ಹುಡುಗಿ ಹೀಗೆ ತುಟಿ ಚಾಚಿದಾಗ, “ಎಂತಕ್ಕೆ ಅಣಕಸ್ತು ಇದು?” ಎಂದು ಬೇಜಾರು ಮಾಡಿಕೊಂಡರು. ಹೌದು ಎನ್ನುವುದಕ್ಕೆ ಹುಬ್ಬು ಎತ್ತುತ್ತಾರೆ, ಅಷ್ಟೇ. “ಇದರಲ್ಲಿ ಮಾಂಸ ಇಲ್ಲವಲ್ಲ?” ಎಂದು ನಾನು ಕೇಳಿದ್ದಕ್ಕೆ ಹೋಟೆಲಿನವ ಹುಬ್ಬು ಎತ್ತಿದ. ಇಲ್ಲ ಎಂದು ಹೌದೋ, ಇದೆ ಎಂದು ಹೌದೋ ಎಂಬುದು ತಟ್ಟೆಯಲ್ಲಿ ಸಿಗಡಿಯ ಮೀಸೆ ಕಂಡಾಗ ತಿಳಿಯಿತು. ಅಂದಿನಿಂದ ನಾವು ಅನ್ನ, ಬಾಳೆಹಣ್ಣು, ಅಪ್ಪೆಮಿಡಿಗೆ ಗಂಟುಬಿದ್ದೆವು. ಅನ್ನ ಚೆನ್ನಾಗಿತ್ತು. ಅತ್ತೆ ಒಂದು ಅಗುಳು ಬೆರಳಲ್ಲಿ ಹಿಸುಕಿ ಮಗನ ಉದ್ಯೋಗಕ್ಕೆ ಮೊದಲ ಸಲ ಮಾರ್ಕು ಕೊಟ್ಟರು.

ಕ್ಯಾಸೆಟ್ ಅಂಗಡಿಯೊಂದರ ಗೋಡೆಯ ಮೇಲೆ ನಂಬರು ಹಾಕಿದ ದೊಡ್ಡ ಪಟ್ಟಿ ಇತ್ತು. ಮಾರಿಸೆಲ್ ಅದರ ತಲೆಗೆ ತುಟಿ ಚಾಚಿ, “ಈ ಅಮ್ಮನಿಗೆ ಇಷ್ಟವಾದ ಹಾಡು,” ಎಂದಳು. ಅಂಗಡಿಯ ಹುಡುಗ ಉತ್ಸಾಹದಿಂದ, ಇಲ್ಲಿ ಮಾತ್ರವಲ್ಲ, ಲಂಡನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಇದೇ ಮೇಲೆ, ಇಳಿಯುವ ಹಾಗೇ ಕಾಣುವುದಿಲ್ಲ ಎಂದ. ನಾನು ಇಷ್ಟನ್ನು ಮಾತ್ರ ಅತ್ತೆಗೆ ಹೇಳಿದೆ.

ಅತ್ತೆ ಕತ್ತೆತ್ತಿ ಪಟ್ಟಿಯ ತುದಿ ನೋಡಿದರು.

“ಯಲ್ಲಾಪುರದವ್ಕೆ ಹೇಳಡ,” ಅಂದರು. “ಅವರ ಅಜ್ಜಿಗೆ ಸೊಕ್ಕು ಬತ್ತು.”

ಲಗುನಾ, ಬೀಗರ ಮನೆ

ಮಾರಿಸೆಲಳ ಮನೆ ಲಗುನಾ ಎಂಬ ಸೀಮೆಯಲ್ಲಿ, ಸಮುದ್ರದಂಥ ಒಂದು ದೊಡ್ಡ ಕೆರೆಯ ಹತ್ತಿರ. ಮದುವೆಯ ಮುನ್ನಾದಿನ ಸಂಜೆ ನಮ್ಮನ್ನು ಕರೆದಿದ್ದರು. ಬಾಗಿಲಲ್ಲೇ ಎದುರಾದವಳು ಅವಳ ಅಜ್ಜಿ. ಲೋಲಾ ಎಂದರೆ ಅಲ್ಲಿ ಅಜ್ಜಿ. ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾವೂ ಕರೆದೆವು. ಸಣ್ಣ ದೇಹ, ಹೂವಿನ ಗೌನು, ತುಟಿಯೆಲ್ಲ ಕೆಂಪು. ಆ ಕೆಂಪು ನೋಡಿದ್ದೇ ಅತ್ತೆ ಸೊಂಟದ ಚೀಲ ಬಿಚ್ಚಿದರು. ಲೋಲಾ ಒಳಗಿನಿಂದ ತನ್ನ ತಗಡಿನ ಪೆಟ್ಟಿಗೆ ತಂದಳು. ಅದೇ ಎಲೆ, ಅದೇ ಅಡಿಕೆ, ಅದೇ ಸುಣ್ಣ. ಇಬ್ಬರೂ ಒಬ್ಬರ ಕವಳ ಇನ್ನೊಬ್ಬರು ಬಾಯಿಗಿಟ್ಟು ಕೂತರು. ನನ್ನ ಇಂಗ್ಲಿಷಿಗೆ ಅಲ್ಲಿ ಕೆಲಸವಿರಲಿಲ್ಲ.

ಆ ದೇಶದಲ್ಲಿ ದೇವರ ಮೂರ್ತಿ ಇಲ್ಲದ ಮನೆ ಹೇಗೆ ಸಿಗದೋ ಹಾಡುವ ಪೆಟ್ಟಿಗೆ ಇಲ್ಲದ ಓಣಿಯೂ ಹಾಗೇ ಸಿಗುವುದಿಲ್ಲ. ಟಿ.ವಿ.ಯಲ್ಲಿ ಹಾಡಿನ ಮಾತು ಬರುತ್ತದೆ, ಪೆಟ್ಟಿಗೆ ವಾದ್ಯ ನುಡಿಸುತ್ತದೆ, ನಾವು ಮೈಕು ಹಿಡಿದು ಹಾಡಬೇಕು. ಮುಗಿದ ಮೇಲೆ ಪೆಟ್ಟಿಗೆಯೇ ಮಾರ್ಕು ಕೊಡುತ್ತದೆ. ಗಂಟಲು ಸರಿಯಿಲ್ಲ ಎನ್ನುವವರು ಅಲ್ಲಿ ಒಬ್ಬರೂ ಇಲ್ಲ. ಮಾರಿಸೆಲಳ ಸೋದರಮಾವ ಬೆನ್ ಎಂಬವರು ಹಾಡಿದರು, ಅಡಿಗೆಯವಳು ಸೌಟು ಹಿಡಿದೇ ಬಂದು ಹಾಡಿ ಹೋದಳು.

ಆಮೇಲೆ ಆ ಹಾಡು ಬಂತು. ಶ್ರೀಪಾದ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅಷ್ಟರಲ್ಲಿ ಅತ್ತೆ ಎದ್ದು, ಬೆನ್ ಅವರ ಕೈಯಿಂದ ಮೈಕು ತೆಗೆದುಕೊಂಡಾಗಿತ್ತು.

“ಆರತಿ ಬೆಳಗಿರೆ ಅಂಗಳದ ಗೌರಿಗೆ,
ಏಳು ಕಡಲಾಚೆಯ ಮಾರಿಸೆಲ್ ಗೌರಿಗೆ...”

ಟಿ.ವಿ.ಯಲ್ಲಿ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬಣ್ಣ ತಿರುಗುತ್ತಿದ್ದವು. ಅತ್ತೆ ಆ ಕಡೆ ನೋಡಲೂ ಇಲ್ಲ. ತುದಿಯ ಸ್ವರದಲ್ಲಿ ತನ್ನ ಹೆಸರು ಕೇಳಿದಾಗ ಮಾರಿಸೆಲ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಪೆಟ್ಟಿಗೆ ತುತ್ತೂರಿ ಊದಿ ಅಂದಿನ ಅತಿ ಹೆಚ್ಚಿನ ಮಾರ್ಕು ಕೊಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಲೋಲಾ ಒಬ್ಬಳನ್ನು ಬಿಟ್ಟು. ಅವಳು ಗೌನಿನ ತುದಿಯಲ್ಲಿ ಕಣ್ಣೊರೆಸುತ್ತಿದ್ದಳು.

ಅತ್ತೆ ಮೈಕು ಕೆಳಗಿಟ್ಟರು. “ವೇಣಿ, ಆರತಿ ಹಾಡಿಗೆ ಎಂತಕ್ಕೆ ಅಳ್ತಡ ಇದು? ಕೇಳು.”

ನಾನು ಕೇಳುವ ಮೊದಲೇ ಮಾರಿಸೆಲ್ ಹೇಳಿದಳು. ಲೋಲಾಳ ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದರು. ಮಾರಿಸೆಲಳ ತಾಯಿ ಆಗ ಕೂಸು. ಮತ್ತೆ ಬರಲಿಲ್ಲ. ಅದಕ್ಕೇ ಈ ಹಾಡು ಬಂದರೆ ಲೋಲಾ ಅಳುತ್ತಾಳೆ, ಆದರೂ ದಿನಾ ಹಾಕಿಸುತ್ತಾಳೆ.

ನಾನು ಮೊದಲ ಅರ್ಧವನ್ನು ಹೇಳಿ ನಿಲ್ಲಿಸಿದೆ. ಅತ್ತೆಯನ್ನು ಅಷ್ಟಕ್ಕೆ ನಿಲ್ಲಿಸಲಾಗುವುದಿಲ್ಲ.

“ಅದ್ಕೂ ಈ ಹಾಡಿಗೂ ಎಂತ ಸಂಬಂಧ? ಟಿ.ವಿ.ಯಲ್ಲಿ ಬರ್ದಿದ್ದಲೆ, ಓದಿ ಹೇಳು.”

ಹೇಳಿದೆ. ಹೊರಟುಹೋದ ಗಂಡ, ಆರದ ದೀಪ, ಮೊದಲಿಂದ ಕೊನೆಯವರೆಗೆ. ಇದು ಇಂಗ್ಲಿಷರದೇ ಹಾಡು, ಶುಭಾ ನುಡಿಸಿದ್ದು ಇದನ್ನೇ ಎಂಬುದನ್ನೂ ಹೇಳಿದೆ. ಧಾಟಿ ಯಾರದು ಎಂಬುದು ಅವರ ಕಿವಿಗೇ ಹೋಗಲಿಲ್ಲ.

“ಎಷ್ಟು ಮದ್ವೇಲಿ ಹೇಳಿದ್ನೆ ಆನು ಇದ್ನ,” ಅಂದರು. ಆಮೇಲೆ ಬಾಯಲ್ಲಿದ್ದ ಕವಳ ಉಗಿದು ಬಂದು, ಲೋಲಾಳ ಪಕ್ಕ ಕೂತರು. ವಾಪಸು ಬರುವ ದಾರಿಯಲ್ಲಿ ಶ್ರೀಪಾದ “ಆಯಿ” ಎಂದು ಕರೆದರೆ ಹೂಂ ಅಂದರು. ಮಾರಿಸೆಲ್ ಕೈಯನ್ನು ಹಣೆಗೆ ಒತ್ತಿಕೊಂಡಾಗ ಕೈ ಕೊಟ್ಟರು, ಅಷ್ಟೇ.

ಲಗುನಾ, ಮದುವೆಯ ಬೆಳಿಗ್ಗೆ

ಬೆಳಿಗ್ಗೆ ಶ್ರೀಪಾದ ಕೋಟು ಹಾಕಿಕೊಳ್ಳುತ್ತ ನನ್ನನ್ನು ಕಣ್ಣಲ್ಲೇ ಕೇಳಿದ. ಅತ್ತೆ ಎದ್ದು ಸ್ನಾನ ಮಾಡಿ, ಹಿತ್ತಲ ಮೆಟ್ಟಿಲ ಮೇಲೆ ತಲೆ ಬಾಚಿಕೊಳ್ಳುತ್ತಿದ್ದರು. ಗುನುಗು ಇರಲಿಲ್ಲ. ನಾನು ಹರಿವಾಣ ತೊಳೆಯುವ ನೆಪದಲ್ಲಿ ಹತ್ತಿರ ಹೋದೆ.

“ವೇಣಿ, ಆ ಹಾಡಲ್ಲಿ ಅಂವ ಎಲ್ಲಿಗೆ ಹೋದ ಹೇಳಿ ಇದ್ದಾ?”

“ಇಲ್ಲೆ ಅತ್ತೆ. ಹೋದ ಹೇಳಿ ಅಷ್ಟೇ ಇದ್ದು.”

“ಸತ್ತ ಹೇಳಿ?”

“ಅದೂ ಇಲ್ಲೆ.”

“ಬೇರೆಯವಳನ್ನ ಕಟ್ಕಂಡ ಹೇಳಿ?”

ನಾನು ಹಾಡನ್ನೆಲ್ಲ ಮನಸ್ಸಿನಲ್ಲಿ ಓಡಿಸಿದೆ. “ಇಲ್ಲೆ.”

“ಹಂಗಾರೆ ಅಂವ ವಾಪಸು ಬಪ್ಪಲೆ ಎಂತ ಅಡ್ಡಿ?” ಅಂದರು ಅತ್ತೆ, ಬಾಚಣಿಗೆಯ ಕೂದಲು ತೆಗೆಯುತ್ತ. “ಲೋಕದ ತುಂಬ ಹಾಡ್ತ, ಒಬ್ರಿಗೂ ಅವನ್ನ ಕರ್ಸಲೆ ತೋಚಿದ್ದಿಲ್ಲೆ. ಹಾಡ್ನ ಅರ್ಧಕ್ಕೆ ಬಿಟ್ಟಿದ್ದ. ನಂಬರು ಬೇರೆ ಕೊಟ್ಟಿದ್ದ.”

ಮತ್ತೆ ಬಾಚತೊಡಗಿದರು. ನಾನು ಹರಿವಾಣವನ್ನು ಎರಡನೇ ಸಲ ತೊಳೆಯುವಾಗ ಗುನುಗು ಸುರುವಾಗಿತ್ತು. ಒಳಗೆ ಹೋಗಿ ಶ್ರೀಪಾದನಿಗೆ ಹೇಳಿದೆ. ಅವನು ಕೋಟಿನ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡು ಚರ್ಚಿಗೆ ಹೊರಟ.

ಚರ್ಚಿನಲ್ಲಿ ನನ್ನ ಕಾನ್ವೆಂಟು ಉಪಯೋಗಕ್ಕೆ ಬಂತು. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದು ಶಾಲೆಯ ಪ್ರಾರ್ಥನೆಯ ದಿನಗಳಿಂದ ಕಾಲಿಗೇ ಗೊತ್ತಿತ್ತು. ಅತ್ತೆ ನನ್ನನ್ನು ನೋಡಿ ಎದ್ದರು, ಕೂತರು. ನಡುನಡುವೆ ತುಟಿ ಅಲ್ಲಾಡುತ್ತಿತ್ತು. ಪಕ್ಕದ ಹೆಂಗಸು ಅದನ್ನು ಭಕ್ತಿ ಎಂದುಕೊಂಡು ತಾನೂ ಜೋರಾಗಿ ಪ್ರಾರ್ಥಿಸಿದಳು.

ಲಗುನಾ, ಹೊಸ್ತಿಲಲ್ಲಿ

ಮದುಮಕ್ಕಳನ್ನು ಶ್ರೀಪಾದನ ಬಾಡಿಗೆ ಮನೆಗೆ ತುಂಬಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಅರಿಶಿನ ಸಂತೆಯಲ್ಲಿ ಸಿಕ್ಕಿತ್ತು. ಆರತಿಯ ನೀರು ಕೆಂಪಾಗಲು ಸುಣ್ಣ ಬೇಕು, ಅದು ಲೋಲಾಳ ಪೆಟ್ಟಿಗೆಯಿಂದ ಬಂತು. ಹರಿವಾಣದಲ್ಲಿ ನೀರು ರಂಗೇರಿದ್ದನ್ನು ನೋಡಲು ಬೀಗರ ಮಂದಿಯೆಲ್ಲ ಬಾಗಿಲಲ್ಲಿ ಮುತ್ತಿಕೊಂಡರು.

ಆರತಿ ಎತ್ತಲು ಇಬ್ಬರು ಮುತ್ತೈದೆಯರು ಬೇಕು. ಒಂದು ಕಡೆ ಅತ್ತೆ, ಇನ್ನೊಂದು ಕಡೆ ನಾನು ಎಂದು ಊರಲ್ಲೇ ಆಗಿದ್ದ ಮಾತು. ನಾನು ಸೆರಗು ಸಿಕ್ಕಿಸಿ ಕೈ ಹಾಕಿದೆ. ಅತ್ತೆ ತಲೆಯಾಡಿಸಿದರು.

“ನೀ ಬಿಡು. ಲೋಲಾ ಹಿಡೀಲಿ.”

ನಾನು ತಡವರಿಸಿದೆ. “ಅತ್ತೆ, ಅವರ ಗಂಡ...”

“ಸತ್ತ ಹೇಳಿ ಸುದ್ದಿ ಬಂಜಾ? ಕೇಳು.”

ಕೇಳಿದೆ. ಇಲ್ಲ, ಯಾವ ಸುದ್ದಿಯೂ ಬರಲಿಲ್ಲ ಎಂದಳು ಲೋಲಾ.

“ಮತ್ತೆ ಮುತ್ತೈದೆ ಅಲ್ದೆ ಎಂತ? ಹಿಡಿ ಹೇಳು.”

ಇದನ್ನು ಇಂಗ್ಲಿಷಿಗೆ ಹೇಗೆ ಹೇಳುವುದು? ಗಂಡನಿರುವವರು ಮಾತ್ರ ಈ ತಟ್ಟೆ ಹಿಡಿಯುತ್ತಾರೆ, ನೀವು ಹಿಡಿಯಬೇಕಂತೆ ಎಂದೆ. ಲೋಲಾ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಗೌನಿಗೆ ಕೈ ಒರೆಸಿಕೊಂಡು ಹರಿವಾಣದ ಆ ಅಂಚು ಹಿಡಿದಳು. ಕೆಂಪು ನೀರು ಅವಳ ಕಡೆ ವಾಲಿ ಸ್ವಲ್ಪ ತುಳುಕಿತು. ಅತ್ತೆ ತಮ್ಮ ಕಡೆಯಿಂದ ಹದ ಮಾಡಿಕೊಂಡರು.

ಅತ್ತೆ ಹಾಡು ಎತ್ತಿದರು. ಗೌರಿ ಬಂದಳು, ಏಳು ಕಡಲು ಬಂದವು, ತುದಿಯ ಸ್ವರದಲ್ಲಿ ಮಾರಿಸೆಲ್ ಬಂದಳು. ಗೊತ್ತಿದ್ದ ಧಾಟಿಯಾದ್ದರಿಂದ ಬೀಗರೂ ಗುನುಗತೊಡಗಿದರು, ಬೆನ್ ಗಿಟಾರು ಹಿಡಿದರು. ಲೋಕದವರೆಲ್ಲ ನಿಲ್ಲಿಸುವ ಜಾಗ ಬಂದಾಗ ಎಲ್ಲರೂ ನಿಲ್ಲಿಸಿದರು, ಗಿಟಾರೂ ನಿಂತಿತು. ಅತ್ತೆ ನಿಲ್ಲಿಸಲಿಲ್ಲ.

“ಮೆಟ್ಟಿಲ ಬುಡದಲ್ಲಿ ಮೆಟ್ಟು ಬಿಟ್ಟನು ರಾಯ,
ಕೈಕಾಲು ತೊಳೆಯಲು ನೀರು ಕೊಡೆ;
ಬೆಲ್ಲದ ಚೂರಿಟ್ಟು ಆಸರಿಗೆ ಕೊಡೆ ತಂಗಿ,
ಎಲ್ಲಿದ್ದೆ ಎಂಬುದ ಆಮೇಲೆ ಕೇಳೆ.”

ಬೆನ್ ಅವರ ಬೆರಳುಗಳು ತಡಕಾಡಿ ಕೊನೆಯ ಸಾಲಿಗೆ ಬಂದು ಸೇರಿಕೊಂಡವು. ಮಾರಿಸೆಲ್ ಬಲಗಾಲಿಟ್ಟು ಒಳಗೆ ಬಂದಳು. ಶ್ರೀಪಾದ ಹಿಂದೆ ಬಂದ. ಅವನು ಕನ್ನಡಕ ಒರೆಸಿಕೊಂಡಿದ್ದನ್ನು ಯಾರೂ ನೋಡಲಿಲ್ಲ ಎಂದುಕೊಂಡಿದ್ದಾನೆ.

ಲೋಲಾ ನನ್ನ ತೋಳು ಹಿಡಿದಳು. “ಕೊನೆಯಲ್ಲಿ ಹೊಸದೇನೋ ಇತ್ತು. ಏನದು?”

ಅವನು ವಾಪಸು ಬಂದ, ಕಾಲು ತೊಳೆಯಲು ನೀರು ಕೊಟ್ಟಳು, ನಮ್ಮಲ್ಲಿ ಬಂದವರಿಗೆ ಕೊಡುವಂತೆ ಬೆಲ್ಲ-ನೀರು ಕೊಟ್ಟಳು ಎಂದೆ.

ಲೋಲಾ ಯೋಚಿಸಿದಳು. “ಒಳಗೆ ಬಿಡುವ ಮೊದಲು ಬೈಯಲಿಲ್ಲವೇ?”

ಅತ್ತೆಗೆ ಹೇಳಿದೆ. ಅತ್ತೆ ಹರಿವಾಣ ಕೆಳಗಿಟ್ಟು, ಅದೇ ಕೆಂಪು ನೀರಿನಿಂದ ಬೆರಳದ್ದಿ ಲೋಲಾಳ ಹಣೆಗೊಂದು ಬೊಟ್ಟಿಟ್ಟರು.

“ಆಸ್ರಿಗೆ ಕುಡಿದಾದ್ಮೇಲೆ ಬಯ್ಯಲಿ ಹೇಳು. ಖಾಲಿ ಹೊಟ್ಟೇಲಿ ಬೈದ್ರೆ ತಾಗ್ತಿಲ್ಲೆ.”

ಇಂಗ್ಲಿಷಿಗೆ ಮಾಡಿ ಹೇಳುವಷ್ಟರಲ್ಲಿ ನನಗೇ ನಗು ಬಂತು. ಲೋಲಾ ನಕ್ಕ ರಭಸಕ್ಕೆ ಅವಳ ಕವಳ ಗಂಟಲಿಗೆ ಸಿಕ್ಕಿ ಮಾರಿಸೆಲ್ ಬೆನ್ನು ತಟ್ಟಬೇಕಾಯಿತು. ಮದುಮಗಳು ಮನೆತುಂಬಿ ಮಾಡಿದ ಮೊದಲ ಕೆಲಸ ಅದು.

ಮತ್ತೆ ಸಿಂಗಾಪುರ

ವಾಪಸು ಬರುವಾಗ ಅತ್ತೆಯ ಡಬ್ಬಿಯಲ್ಲಿ ತೊಡದೇವಿನ ಬದಲು ಲೋಲಾ ಕೊಟ್ಟ ಒಣಮಾವು ಇತ್ತು. ಸಿಂಗಾಪುರದಲ್ಲಿ ಅದೇ ತಿರುಪಿಲ್ಲದ ನಲ್ಲಿಯ ಹತ್ತಿರ ಹೋಗಬೇಕೆಂದು ಅವರೇ ಹಟ ಮಾಡಿದರು. ಕೈ ಒಡ್ಡಿ ತೊಳೆಯುತ್ತಿರುವಾಗ ಮೇಲಿನಿಂದ ತಗ್ಗಿನ ಆ ದನಿ ಸುರುವಾಯಿತು. ಪಕ್ಕದಲ್ಲಿ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಬಿಳಿಯ ಹೆಂಗಸೊಬ್ಬಳು ಮೆಲ್ಲಗೆ ಗುನುಗಿದಳು.

ಹಾಡು ಏರಿತು, ತುದಿ ಮುಟ್ಟಿತು, ಇಳಿಯಿತು, ನಿಂತಿತು. ಅತ್ತೆ ಕೈ ತೆಗೆದು, ತೊಟ್ಟಿಕ್ಕುವ ಬೆರಳುಗಳನ್ನು ಹಾಗೇ ಹಿಡಿದು ಮೇಲೆ ನೋಡುತ್ತ ಕಾದರು. ಬೇರೆ ಹಾಡು ಬಂತು.

“ಪಾಪ,” ಅಂದರು. “ಇವ್ಕೆ ಇನ್ನೂ ಸುದ್ದಿ ಮುಟ್ಟಿದ್ದಿಲ್ಲೆ.”

“ಎಂತ ಸುದ್ದಿ ಅತ್ತೆ?”

“ಅಂವ ಬಂದದ್ದು.”